ಹೊಟ್ಟೆ ಸೀಳಿದ ‘ಷ’

ವಿಶ್ವವಿದ್ಯಾಲಯದ ದಾಖಲೆ ಕೋಣೆಗೆ ಸ್ಕ್ಯಾನರ್ ಬಂದ ದಿನ, ಅದನ್ನು ತಂದ ಟೆಕ್ನಿಷಿಯನ್‌ಗೆ ಅಲ್ಲಿನ ಗುಮಾಸ್ತೆ ಕೂರಲು ಕುರ್ಚಿಯನ್ನೂ ಕೊಡಲಿಲ್ಲ. ಹದಿನಾಲ್ಕು ವರ್ಷ ಅಲ್ಲಿನ ಅಂಕಪಟ್ಟಿ ರಿಜಿಸ್ಟರ್‌ಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಆಕೆ. ತನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವನೇ ಇವನು ಎಂದುಕೊಂಡಳು.

ಆತ ಮೂರು ದಿನ ನಿಂತೇ ಪುಟ ಮಗುಚಿದ. ಒಂದು ಹಾಳೆಯೂ ಹರಿಯಲಿಲ್ಲ. ನಾಲ್ಕನೆಯ ದಿನ ಆಕೆಯೇ ಕುರ್ಚಿ ಎಳೆದಿಟ್ಟಳು.

“ಕೋಪ ಇಳೀತಾ ಮೇಡಂ?”

“ಕಾಲು ನೋವು ನಿಮಗೆ. ನೋಡೋಕಾಗದೆ ಇರೋದು ನನಗೆ.”

ಆತ ನಕ್ಕ. ಆಕೆ ಮುಖ ತಿರುಗಿಸಿದಳು, ಆದರೆ ಸ್ವಲ್ಪ ತಡವಾಗಿ.

ಎರಡು ತಿಂಗಳಲ್ಲಿ ಕಪಾಟುಗಳೆಲ್ಲ ಕಂಪ್ಯೂಟರ್ ಪರದೆಯೊಳಗೆ ಸೇರಿದವು. ಒಂದು ಬೆಳಗ್ಗೆ ವಯಸ್ಸಾದ ತಾಯಿಯೊಬ್ಬರು ಏದುಸಿರು ಬಿಡುತ್ತ ಬಂದರು.

“ಮಗಳು ದೂರದ ದೇಶದಲ್ಲಿ ನರ್ಸ್ ಕೆಲಸಕ್ಕೆ ಹೋಗಿದಾಳಮ್ಮ. ಇವತ್ತು ಹನ್ನೆರಡು ಗಂಟೆಯೊಳಗೆ ಇಲ್ಲಿಂದ ಪದವಿ ದೃಢೀಕರಣ ಹೋಗಬೇಕಂತೆ. ಕಂಪ್ಯೂಟರಿನಲ್ಲಿ ಅವಳ ಹೆಸರೇ ಇಲ್ವಂತೆ.”

ಗಂಟೆ ಹನ್ನೊಂದು ನಲವತ್ತು. ಆತ ಮೂರು ಸಲ ಹುಡುಕಿದ, ಸಿಗಲಿಲ್ಲ. ನಾಲ್ಕು ಲಕ್ಷ ಪುಟಗಳ ಮುಂದೆ ಅವನ ಕೈ ಕಟ್ಟಿಹಾಕಿದಂತಾಯಿತು.

“ಯಾವ ವರ್ಷ ಪಾಸಾಗಿದ್ದು?” ಆಕೆ ಕೇಳಿದಳು. ತಾಯಿ ಹೇಳಿದರು.

ಆಕೆ ಕಣ್ಣು ಮುಚ್ಚಿದಳು. “ಆ ವರ್ಷ ರಿಜಿಸ್ಟರ್ ಬರೆದೋರಿಗೆ ಕೈ ನಡುಗ್ತಿತ್ತು. ಅವರು ‘ಪ’ ಬರೆದ್ರೆ ನಡುವೆ ಒಂದು ಗೀಟು ಬೀಳ್ತಿತ್ತು. ನಿಮ್ಮ ಯಂತ್ರ ಅದನ್ನ ಹೊಟ್ಟೆ ಸೀಳಿದ ‘ಷ’ ಅಂತ ಓದಿರುತ್ತೆ. ಹುಡುಗಿ ಹೆಸರಲ್ಲಿ ‘ಪ’ ಬದಲು ‘ಷ’ ಹಾಕಿ ಹುಡುಕಿ.”

ಪುಟ ತೆರೆದುಕೊಂಡಿತು. ಆಕೆ ಸಾಲು ಸಾಲಾಗಿ ತಾಳೆ ನೋಡಿ, ಅಕ್ಷರ ತಿದ್ದಿಸಿ, ದೃಢೀಕರಣ ಕಳಿಸುವ ಗುಂಡಿ ಒತ್ತಿದಳು.

ಎರಡೇ ನಿಮಿಷ. ತಾಯಿಯ ಫೋನ್ ಮೊಳಗಿತು. “ಬಂತಮ್ಮಾ, ಬಂತು,” ಎಂಬ ಮಗಳ ಅಳು ಬೆರೆತ ನಗು ಕೋಣೆಯ ತುಂಬ ಕೇಳಿಸಿತು.

ಹಿಂದೆಲ್ಲ ಹದಿನೈದು ದಿನ ಅಂಚೆಯಲ್ಲಿ ಅಲೆಯುತ್ತಿದ್ದಂಥ ಕಾಗದ ಈಗ ಕ್ಷಣದಲ್ಲಿ ಸಮುದ್ರ ದಾಟಿತ್ತು. ಆಕೆ ತನ್ನ ಬೆರಳ ತುದಿಯನ್ನೇ ಬೆರಗಿನಿಂದ ನೋಡಿಕೊಂಡಳು. ತಲೆಯೆತ್ತಿದರೆ, ಆತ ಅದೇ ಬೆರಗಿನಿಂದ ಆಕೆಯನ್ನು ನೋಡುತ್ತಿದ್ದ.

ತಾಯಿ ಹರಸಿ ಹೋದಮೇಲೆ ಆತ ಹೇಳಿದ: “ಈ ಯಂತ್ರಕ್ಕೆ ನೀವು ಬೇಕೇ ಬೇಕು ಅಂತ ಕುಲಸಚಿವರಿಗೆ ಬರೆದಿದೀನಿ.”

“ಯಂತ್ರಕ್ಕಾ?”

“ಅದು ಕಾಗದದಲ್ಲಿ ಬರೆದಿದ್ದು.” ಆತ ತಡವರಿಸಿದ. “ಬರೆಯದೆ ಉಳಿದಿದ್ದು... ನನಗೂ.”

ಆಕೆಯ ಕಿವಿ ಕೆಂಪಾಯಿತು. “ಅಮ್ಮನ್ನ ಕೇಳಬೇಕು.”

“ಏನಂತ?”

“ನಿಮ್ಮನ್ನ ಊಟಕ್ಕೆ ಯಾವತ್ತು ಕರೆಯೋಣ ಅಂತ.”