ಬಾನೆಟ್ ಮೇಲಿನ ಕಾಫಿ

“ನಿಲ್ಲಿಸಿ! ದಯವಿಟ್ಟು ನಿಲ್ಲಿಸಿ...!”

ಕತ್ತಲು ಮಾಡಿದ್ದ ಹಾಲ್‌ನಲ್ಲಿ ಭವ್ಯಶ್ರೀ ಕೂಗಿದ ಕೂಗಿಗೆ ಕಾರ್ ಕ್ಲಬ್ಬಿನ ಅಂಕಲ್‌ಗಳೆಲ್ಲ ಒಟ್ಟಿಗೆ ತಿರುಗಿ ನೋಡಿದರು.

ದೆಹಲಿಯ ಜನಕಪುರಿಯ ತಮ್ಮ ಪುಟ್ಟ ಹೋಟೆಲಿನಿಂದ ಕ್ಲಬ್ಬಿಗೆ ಭಾನುವಾರದ ಇಡ್ಲಿ-ವಡೆ ತಂದಿದ್ದಳು ಅವಳು. ಸಾಂಬಾರಿನ ಪಾತ್ರೆ ಕೈಯಲ್ಲೇ ಇತ್ತು. ಪರದೆಯ ಮೇಲೆ ಕಂಡದ್ದು... ಅವಳ ಅಪ್ಪ!

ಎರಡು ವರ್ಷದ ಹಿಂದೆ ತೀರಿಹೋದ ಅಪ್ಪ ಜಯಾನಂದ, ಇಪ್ಪತ್ತೈದರ ಹುಡುಗನಾಗಿ, ಹೊಸ ಕಾರಿನ ಬಾನೆಟ್ ಮೇಲೆ ಲೋಟವಿಟ್ಟು ಕಾಫಿ ಎತ್ತಿ ಹೊಯ್ಯುತ್ತಿದ್ದರು!

ಪ್ರೊಜೆಕ್ಟರ್ ಗಕ್ಕನೆ ನಿಂತಿತು. ಮರುಕ್ಷಣವೇ ಅಪ್ಪನ ಹೆಗಲ ಬಳಿ ಕಂದು ಗುಳ್ಳೆಯೊಂದು ಎದ್ದು ಹಿಗ್ಗತೊಡಗಿತು.

“ಅರೇ ಯಾರ್!” ಪ್ರೊಜೆಕ್ಟರ್ ಹತ್ತಿರವಿದ್ದ ಯುವಕ ಫಿಲ್ಮನ್ನು ಸರಕ್ಕನೆ ಎಳೆದ. “ನಿಲ್ಸಿದ್ರೆ ಸುಡತ್ತೆ ಮೇಡಂ! ಬಲ್ಬ್ ಬಹುತ್ ಬಿಸಿ!”

“ನಿಮಗೆ... ಕನ್ನಡ ಬರುತ್ತಾ?”

“ಮಮ್ಮಿ ಮೈಸೂರು, ಪಪ್ಪಾ ಇಲ್ಲಿಯೋರೇ. ಸಮಝ್ ಆಗತ್ತೆ. ಮಾತಾಡಿದ್ರೆ ಜನ ನಗ್ತಾರೆ.”

ಭವ್ಯ ನಗಲಿಲ್ಲ. ಪಾತ್ರೆ ಕೆಳಗಿಟ್ಟವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅವನ ಹೆಸರು ಗಗನ್. ಗುಡಗಾಂವದಲ್ಲಿ ಸಾಫ್ಟ್‌ವೇರ್ ಕೆಲಸ, ಭಾನುವಾರ ಮಾತ್ರ ಈ ಪ್ರೊಜೆಕ್ಟರಿನ ಹುಚ್ಚು. ಒಂದು ಕಾಲದಲ್ಲಿ ಕಾರು ಕಂಪನಿಗಳು ಗಿರಾಕಿಗಳಿಗೆ ತೋರಿಸಲೆಂದೇ ಮಾಡಿಸಿದ್ದ ಪ್ರಚಾರದ ಫಿಲ್ಮುಗಳವು. ಆ ಕಾರುಗಳನ್ನು ಎಂದೋ ಮಾರಿದ್ದ ಅಂಕಲ್‌ಗಳು ಎರಡು ಸಾವಿರದ ಆರನೇ ಇಸವಿಯಲ್ಲೂ ಬ್ಲೇಜರ್ ಹಾಕಿಕೊಂಡು ಬಂದು, ಕಾಮೆಂಟರಿಯನ್ನು ಬಾಯಿಪಾಠದಂತೆ ಗುನುಗುತ್ತ ನಿಟ್ಟುಸಿರು ಬಿಡುತ್ತಿದ್ದರು.

“ಕಾರಿನ ಫಿಲ್ಮಲ್ಲಿ ಕಾಫಿ ಹೊಯ್ದಿದ್ದೆ ಅಂತ ಅಪ್ಪ ಇದನ್ನೇ ಹೇಳ್ತಿದ್ರು!” ಭವ್ಯ ಕಣ್ಣೊರೆಸಿಕೊಂಡಳು. “ಇಂಜಿನ್ ಚಾಲೂ ಇತ್ತು, ಲೋಟದಿಂದ ಒಂದು ಹನಿನೂ ಚೆಲ್ಲಲಿಲ್ಲ ಅಂತ. ನಾವ್ಯಾರೂ ನಂಬಿರಲಿಲ್ಲ. ಅಮ್ಮ ಇದನ್ನ ಒಂದ್ಸಲ ನೋಡ್ಬೇಕು... ಅವಳ ಕಣ್ಣು ಹೋಗ್ತಾ ಇದೆ.”

ಅಮ್ಮ ಹರಿಣಾಕ್ಷಿಗೆ ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. ಎರಡು ವಾರ ಬಿಟ್ಟು ಸೋಮವಾರ ಆಪರೇಷನ್. ದೃಷ್ಟಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಮನೆಯಲ್ಲಿ ಅಪ್ಪನದೆಂದು ಇದ್ದದ್ದು ಹಾರ ಹಾಕಿದ ಒಂದು ಫೋಟೊ. ಫೋಟೊ ನಗುತ್ತದೆಯೇ?

“ರೀಲ್ ಬಹಳ ಬುಡ್ಢಾ ಆಗಿದೆ,” ಎಂದ ಗಗನ್. “ಸುಟ್ಟಿದ್ದು ಕಟ್ ಮಾಡಿ ಜೋಡಿಸ್ತೀನಿ. ಇನ್ನೊಂದು ಸಲ ಓಡಬಹುದು, ಬಸ್, ಅಷ್ಟೇ. ಅದು ಆಂಟಿಗೇ. ಪ್ರಾಮಿಸ್.”

ಅಂದಿನಿಂದ ಪ್ರತಿ ಸಂಜೆ ಅವನು ಹೋಟೆಲಿಗೆ ಹಾಜರ್! ಕುಂದಾಪುರದ ಅಜ್ಜಿಮನೆಯಲ್ಲಿ ಓದಿ ಬಂದ ಭವ್ಯ ಷರತ್ತು ಹಾಕಿದ್ದಳು. ನನ್ನ ಜೊತೆ ಹಿಂದಿ ಬೇಡ!

“ನಾನು ಕಾಫಿ ಕುಡಿದಳು.”

“ಕುಡಿದೆ! ಅಯ್ಯೋ ದೇವ್ರೇ...”

ಅಪ್ಪ ಹೋದ ಮೇಲೆ ಅವಳು ಹೊಟ್ಟೆ ತುಂಬ ನಕ್ಕದ್ದು ಆಗಲೇ. *ಇವನು ಬಾರದ ಸಂಜೆ ಹೇಗಿರುತ್ತದೆ...?* ಆ ಯೋಚನೆಗೇ ಅವಳಿಗೆ ದಿಗಿಲಾಗುತ್ತಿತ್ತು.

ಎರಡನೇ ವಾರ ಗುರುವಾರ, ಶುಕ್ರವಾರ ಅವನು ಬರಲಿಲ್ಲ. ಶನಿವಾರ ಮಧ್ಯಾಹ್ನ ಮೆಸೇಜ್ ಬಂತು. ಇಂಗ್ಲಿಷ್ ಅಕ್ಷರದಲ್ಲಾದರೂ ಮೊದಲ ಸಲ ಕನ್ನಡದಲ್ಲಿ!

“ನಿನ್ನೆ 11ಕ್ಕೆ ಶೋ. ಕೊನೆ ಸಲ. ಗಗನ್.”

ನಿನ್ನೆ...?!

ಮತ್ತೊಮ್ಮೆ ಓದಿದಳು. ನಿನ್ನೆ ತೋರಿಸಿ ಮುಗಿಸಿದನೇ? ಆ ಅಂಕಲ್‌ಗಳಿಗೆ? ಅಮ್ಮನನ್ನು ಬಿಟ್ಟು?

ಅಮ್ಮನಿಗೆ ಅವಳು ಏನೂ ಹೇಳಿರಲಿಲ್ಲ, ಸರ್‌ಪ್ರೈಸ್ ಎಂದುಕೊಂಡಿದ್ದಳು. ಇನ್ನು ಹೇಳುವುದಾದರೂ ಏನನ್ನು? ಫೋನ್ ಆಫ್ ಮಾಡಿದಳು. ಭಾನುವಾರ ಬೆಳಿಗ್ಗೆ ಶಟರ್ ಎಳೆದು ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಳು.

ಪಟ್ಟಿ ಬಿಚ್ಚಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು.

“ಲೈಟ್ ಹಾಕಿದ್ದೀಯಲ್ಲ, ಮಗಾ?”

ಕಿಟಕಿಯ ತುಂಬ ಬಿಸಿಲಿತ್ತು...

ತಿಂಗಳಾಯಿತು. ಮತ್ತೆ ತೆರೆದ ಹೋಟೆಲಿನ ಬಾಗಿಲಲ್ಲಿ ಒಂದು ಸಂಜೆ ಗಗನ್ ನಿಂತಿದ್ದ. ಮುಖ ಇಳಿದುಹೋಗಿತ್ತು.

“ಯಾಕೆ ಬರ್ಲಿಲ್ಲ ಭವ್ಯಾ? ಎರಡು ದಿನ ಕೂತು ರೀಲ್ ಜೋಡಿಸಿದೆ, ಫಸ್ಟ್ ರೋನಲ್ಲಿ ಎರಡು ಕುರ್ಚಿ ಖಾಲಿ ಇಟ್ಟಿದ್ದೆ. ಅಂಕಲ್‌ಗಳು ‘ಚಲಾವೋ, ಚಲಾವೋ’ ಅಂದ್ರು. ನಾನು ಓಡಿಸ್ಲೇ ಇಲ್ಲ. ಇಲ್ಲಿಗೆ ಬಂದೆ, ಶಟರ್ ಬಂದ್. ಫೋನ್ ಬಂದ್. ನನ್ನ ಮುಖ ನೋಡೋದು ನಿಮಗೆ ಬೇಡ ಅನ್ಕೊಂಡೆ...”

“ನಾಟಕ ಸಾಕು! ಶುಕ್ರವಾರನೇ ತೋರ್ಸಿ ಮುಗ್ಸಿದ್ರಲ್ಲ!”

“ಶುಕ್ರವಾರ? ನಾನು ಸಂಡೇ ಅಂದೆ! ಬರೆದಿದ್ನಲ್ಲ... ನಿನ್ನೆ ಹನ್ನೊಂದಕ್ಕೆ...”

“ನಿನ್ನೆ ಅಂದ್ರೆ ಏನು ಗಗನ್?”

“ಕಲ್.”

ಭವ್ಯ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು.

ಹಿಂದಿಯಲ್ಲಿ ಕಳೆದದ್ದೂ ಕಲ್, ಬರುವುದೂ ಕಲ್! ಇವನಿಗೆ ಎರಡೂ ಒಂದೇ...

“ಅದು... ನಾಳೆ,” ಎಂದಳು ಮೆಲ್ಲಗೆ. “ನಿನ್ನೆ ಅಂದ್ರೆ ಕಳೆದುಹೋದದ್ದು.”

ಗಗನ್ ಕುರ್ಚಿಯ ಮೇಲೆ ಕುಸಿದ. “ನಿಮಗೆ ಖುಷಿ ಆಗ್ಲಿ ಅಂತ ಕನ್ನಡದಲ್ಲಿ ಬರೆದೆ... ಚಲೋ, ಈಗ ತೋರಿಸೋಣ. ರೀಲ್ ಹಾಗೇ ಇದೆ!”

“ಅಮ್ಮನಿಗೆ ಈಗ ಏನೂ ಕಾಣಲ್ಲ ಗಗನ್.”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭವ್ಯಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. *ಒಂದು ಫೋನ್... ಒಂದೇ ಒಂದು ಫೋನ್ ಮಾಡಿ ಕೇಳಿದ್ದರೆ...!*

“ಅದರಲ್ಲಿ ಸೌಂಡ್ ಉಂಟಾ ಮಾರಾಯಾ?”

ಒಳಗಿನಿಂದ ಅಮ್ಮನ ದನಿ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು!

“ಇದೆ ಆಂಟಿ...”

“ಮತ್ತೆಂತ? ಕೇಳ್ಲಿಕ್ಕೆ ಅಡ್ಡಿ ಇಲ್ಲವಲ್ಲ.”

ಮುಂದಿನ ಭಾನುವಾರ ಹಾಲ್‌ನಲ್ಲಿ ಅವರು ಮೂವರೇ. ಪ್ರೊಜೆಕ್ಟರ್ ಟರಟರ ಎಂದಿತು, ಇಂಜಿನ್ ಗುರ್ರೆಂದಿತು. ಅಮ್ಮನ ಅಂಗೈ ಭವ್ಯಳ ಕೈಯೊಳಗಿತ್ತು.

“ಬಂದ್ರಾ?”

“ಬಂದ್ರಮ್ಮ. ಲೋಟ ಇಟ್ರು... ಕಾಫಿ ಎತ್ತಿ ಹೊಯ್ತಿದ್ದಾರೆ.”

“ಶರ್ಟ್ ಯಾವ ಬಣ್ಣ?”

ಹಳೇ ಫಿಲ್ಮಿನ ಬಣ್ಣವೆಲ್ಲ ಮಾಸಿ, ಆಕಾಶ, ಕಾರು, ಅಪ್ಪ ಎಲ್ಲವೂ ಒಂದೇ ಗುಲಾಬಿಯಾಗಿದ್ದವು. “ಗುಲಾಬಿ ಕಾಣುತ್ತಮ್ಮ...”

“ಸುಳ್ಳು. ನೀಲಿ. ನಾನೇ ಹೊಲಿದದ್ದು.”

ಸುಟ್ಟು ಜೋಡಿಸಿದ ಜಾಗದಲ್ಲಿ ಅಪ್ಪ ಚಕ್ಕನೆ ಒಮ್ಮೆ ಜಿಗಿದಂತಾದರು. ಮತ್ತೆ... ಆ ದಿನ ಅವಳ ಕೂಗಿನಿಂದಾಗಿ ನೋಡದೇ ಉಳಿದಿದ್ದ ಭಾಗ! ಲೋಟ ನಡುಗಿತು. ಅಂಚಿನಿಂದ ಒಂದು ಹನಿ ಬಾನೆಟ್ ಮೇಲೆ ಜಾರಿತು. ಅಪ್ಪ ಯಾರಿಗೂ ಕಾಣದ ಹಾಗೆ ಹೆಗಲ ಬಟ್ಟೆಯಿಂದ ಒರೆಸಿ, ಕ್ಯಾಮೆರಾ ನೋಡಿ ಹಲ್ಲು ಕಿರಿದರು.

“ಅಮ್ಮಾ... ಚೆಲ್ತು! ಒಂದು ಹನಿ ಚೆಲ್ತು! ಒರೆಸಿ ನಗ್ತಿದ್ದಾರೆ!”

“ನಂಗೆ ಗೊತ್ತಿತ್ತು!” ಅಮ್ಮ ನಕ್ಕಳು. ಕಾಣದ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯಿತು. “ಮೂವತ್ತು ವರ್ಷ ಸುಳ್ಳು ಹೇಳಿದ್ರು ನೋಡು, ಕಳ್ಳ...!”

ಟಪ್ ಎಂದು ರೀಲ್ ತುಂಡಾಯಿತು. ಪರದೆಯ ಮೇಲೆ ಬರೀ ಬೆಳಕು. ಅಮ್ಮ ಮಾತ್ರ ಅತ್ತಲೇ ಮುಖ ಮಾಡಿ ಕೂತಿದ್ದಳು.

ಗಗನ್ ಮೆಲ್ಲಗೆ ಭವ್ಯಳ ಪಕ್ಕಕ್ಕೆ ಬಂದ.

“ಭವ್ಯಾ... ನಿಮ್ಮನ್ನ ಬಿಟ್ಟು ಇರೋಕೆ ನಂಗೆ ಆಗಲ್ಲ. ನಾಳೆ ಬರ್ಲಾ?”

“ನಾಳೆ ಅಂದ್ರೆ?”

ಅವನು ಬೆರಳು ಮಡಚಿ ಎಣಿಸಿದ. “ಮಂಡೇ. ಆಮೇಲೆ ಟ್ಯೂಸ್‌ಡೇ. ಆಮೇಲೆ... ಇನ್ನು ಬರೋದೆಲ್ಲ.”

ಅವಳು ಅಳುತ್ತಲೇ ಅವನ ಬೆರಳುಗಳನ್ನು ಹಿಡಿದುಕೊಂಡಳು.

“ಬನ್ನಿ. ಆದ್ರೆ ಮೆಸೇಜ್ ಮಾಡ್ಬೇಡಿ ಗಗನ್... ಎದುರಿಗೆ ನಿಂತು ಹೇಳಿ.”