ಸೀಸದ ಎಳೆ

ಅಂಗಳ ಗುಡಿಸಿ, ನೀರು ಚಿಮುಕಿಸಿ, ಚುಕ್ಕಿ ಇಟ್ಟು, ಇನ್ನೇನು ಕೊನೆಯ ಎಳೆಯನ್ನು ತಂದು ಮೊದಲಿನದಕ್ಕೆ ಕೂಡಿಸಬೇಕು ಎನ್ನುವಷ್ಟರಲ್ಲಿ ಕಾಮಾಕ್ಷಿಯ ಕಾಲ್ಬೆರಳ ಮೇಲೆ ಏನೋ ಹರಿದಾಡಿತು. ಬಗ್ಗಿ ನೋಡಿದಳು. ಗೊದ್ದ! ಒಂದಲ್ಲ, ಚರಂಡಿಯ ಕಲ್ಲಿನಿಂದ ಹೊಸ್ತಿಲವರೆಗೆ ಒಂದು ಸಾಲೇ ಬಂದಿತ್ತು. ಒಂದೊಂದರ ಬೆನ್ನ ಮೇಲೂ ಸಾಸಿವೆಗಿಂತ ಸಣ್ಣದಾದ ಬೂದು ಬಣ್ಣದ ಕಣ. ಅವು ರಂಗೋಲಿಯನ್ನು ಹತ್ತಿ, ಎಳೆ ತಿರುಗಿದಲ್ಲಿ ತಾವೂ ತಿರುಗಿ, ಚುಕ್ಕಿಗಳನ್ನು ಬಳಸಿಕೊಂಡು ಶಿಸ್ತಾಗಿ ನಡೆಯುತ್ತಿದ್ದವು.

“ಅಯ್ಯೋ, ನನ್ನ ಬುದ್ಧಿಗಿಷ್ಟು!” ಎಂದು ಅವಳು ಕೈಯಲ್ಲಿದ್ದ ಡಬ್ಬಿಯನ್ನು ನೋಡಿಕೊಂಡಳು. ಅಡುಗೆಮನೆಯ ಕಿಟಕಿಯ ಮೇಲೆ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ರಂಗೋಲಿ ಪುಡಿ, ಇನ್ನೊಂದರಲ್ಲಿ ಕೆಲಸದ ಜಾಗದಿಂದ ತಂದ ಜಾಡುಪುಡಿ. ಎರಡೂ ಬೆಳ್ಳಗೆ. ಹಾಲು ಉಕ್ಕೀತು ಎಂಬ ಗಡಿಬಿಡಿಯಲ್ಲಿ ಅದರ ಬದಲು ಇದನ್ನು ತಂದಿದ್ದಳು.

ಮಗಳು ಇಂಚರ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಬಂದು ಕುಕ್ಕರಗಾಲಲ್ಲಿ ಕೂತಳು. ಕಾಮಾಕ್ಷಿಗೆ ಏನನ್ನಿಸಿತೋ, ಬಿಟ್ಟಿದ್ದ ಎಳೆಯನ್ನು ಕೂಡಿಸಿದಳು. ಗೊದ್ದಗಳಿಗೆ ಈಗ ಹೊರಹೋಗಲು ದಾರಿಯಿರಲಿಲ್ಲ. ಹೊತ್ತ ಕಣವನ್ನು ಇಳಿಸುವ ಜಾಗ ಸಿಗದೆ ಅವು ಸುತ್ತಿದವು, ಸುತ್ತುತ್ತಲೇ ಇದ್ದವು.

ಬೇರೆ ಮಗುವಾಗಿದ್ದರೆ ಇಷ್ಟು ಹೊತ್ತಿಗೆ ಪ್ರಶ್ನೆಗಳ ಮಳೆ ಸುರಿಸಿರುತ್ತಿತ್ತು. ಎಂಟು ವರ್ಷದ ಇಂಚರ ಕಣ್ಣರಳಿಸಿ ನೋಡಿದಳೇ ಹೊರತು ಏನೂ ಕೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವಳು, ಹೇಳಿಕೊಟ್ಟದ್ದನ್ನು ಒಪ್ಪಿಸುವಳು. ಆದರೆ ಹುಟ್ಟಿದಾರಭ್ಯ ಅವಳ ಬಾಯಿಂದ ಒಂದು “ಯಾಕೆ” ಬಂದಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ರಕ್ತದ ಪರೀಕ್ಷೆ ಮಾಡಿಸಿ, ಕಾಮಾಕ್ಷಿಯ ಕೈ ಹಿಡಿದು ಹೇಳಿದ್ದರು: “ಅಂಬೆಗಾಲಿಡುವಾಗ ತಿಂದ ಮಣ್ಣಿನ ಸೀಸ ಇದು. ಮಾತು ಬರುತ್ತೆ ಕಣಮ್ಮ, ನಿಧಾನ. ಆದರೆ ಪ್ರಶ್ನೆ ಕೇಳೋದು ಬೇರೆ ಕೆಲಸ. ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಮನಸ್ಸು ತಾನೇ ಜೋಡಿಸಬೇಕು. ಅವಳು ತಾನಾಗಿ ಒಂದು ಪ್ರಶ್ನೆ ಕೇಳಿದ ದಿನ ನನಗೆ ಫೋನ್ ಮಾಡು.”

ಅಂದಿನಿಂದ ಕಾಮಾಕ್ಷಿ ಕಾಯುತ್ತಿದ್ದಳು. ತಲೆ ಬಾಚುವಾಗ, ತುತ್ತು ಕಲಸಿಕೊಡುವಾಗ, ಮಗಳ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು.

ಭಟ್ಟಿಪಾಳ್ಯಕ್ಕೆ ಆ ಹೆಸರು ಬಂದದ್ದು ನಂಜುಂಡಯ್ಯನವರ ಭಟ್ಟಿಯಿಂದ. ಊರೂರಿನ ಹಳೆಯ ಬ್ಯಾಟರಿಗಳನ್ನು ಅಲ್ಲಿ ಒಡೆದು, ಒಳಗಿನ ಸೀಸವನ್ನು ಕರಗಿಸಿ, ಗಟ್ಟಿ ಮಾಡಿ ಮಾರುತ್ತಿದ್ದರು. ಹೊಗೆ ಮೇಲಕ್ಕೆ ಹೋಗುತ್ತಿತ್ತು, ಧೂಳು ಕೆಳಕ್ಕೆ ಇಳಿಯುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ, ಅಂಗಳದ ಮಣ್ಣಿನ ಮೇಲೆ. ಮಣ್ಣನ್ನು ಗುಟ್ಟಾಗಿ ಪರೀಕ್ಷೆಗೆ ಕಳಿಸಿದವರು ನಂಜುಂಡಯ್ಯನವರೇ. ಅದರಲ್ಲಿ ವಿಷವಿದೆ ಎಂದು ತಿಳಿದಕೂಡಲೇ ತಮ್ಮ ಸಂಸಾರವನ್ನು ಪಾಳ್ಯದ ಅಂಚಿನ ಮನೆಯಿಂದ ಕೆರೆಯಾಚೆಯ ದಿಬ್ಬದ ಬಂಗಲೆಗೆ ಸಾಗಿಸಿದರು. ಪಾಳ್ಯದವರಿಗೆ ಒಂದು ಮಾತು ಹೇಳಲಿಲ್ಲ. ಭಟ್ಟಿಗೆ ಬೀಗ ಬಿದ್ದು, ಸಂಗತಿ ಹೊರಬರುವ ಹೊತ್ತಿಗೆ ಇಂಚರ ಅಂಗಳದ ಮಣ್ಣನ್ನು ಬೇಕಾದಷ್ಟು ತಿಂದಾಗಿತ್ತು. ಹೆಸರೇನೋ ನಂಜುಂಡಯ್ಯ, ನಂಜು ಉಂಡವರು ಮಾತ್ರ ಬೇರೆಯವರು.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ, ರೊಟ್ಟಿ ತಟ್ಟುವಾಗ ಕಾಮಾಕ್ಷಿ ಇದೊಂದನ್ನೇ ಗೊಣಗುತ್ತಿದ್ದಳು. ಲಾರಿ ಓಡಿಸುವ ಗಂಡ ಮನೆಗೆ ಬಂದಾಗೆಲ್ಲ, “ಜಪ ಶುರುವಾಯ್ತಾ?” ಎಂದು ರೇಗಿಸುತ್ತಿದ್ದ. ಜಪವೇ ಆಗಿತ್ತು ಅದು.

ಸರ್ಕಾರದ ಭೂಶುದ್ಧಿ ಅನುದಾನ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಯೋಜನೆ ಒಳ್ಳೆಯದೇ. ಕಾರ್ಖಾನೆಗಳು ಹಾಳುಗೆಡವಿ ಬಿಟ್ಟುಹೋದ ನೆಲವನ್ನು ಸ್ವಚ್ಛಮಾಡಿ, ಅಲ್ಲಿ ಮನೆ, ಶಾಲೆ, ಉದ್ಯಾನ ಕಟ್ಟಲು ಸರ್ಕಾರವೇ ಹಣ ಕೊಡುವುದು. ಕೊಡುವುದು ಯಾರಿಗೆ? ನೆಲದ ಒಡೆಯನಿಗೆ. ಭಟ್ಟಿಪಾಳ್ಯದ ನೆಲದ ಒಡೆಯ ಯಾರು? ನಂಜುಂಡಯ್ಯ! ಮಣ್ಣಿಗೆ ವಿಷವಿಟ್ಟವನಿಗೇ ವಿಷ ತೆಗೆಯುವುದಕ್ಕೆ ಹಣ. ಆಮೇಲೆ ಅದೇ ನೆಲದ ಮೇಲೆ ‘ಹಸಿರು ಸಿರಿ’ ಎಂಬ ಬಡಾವಣೆ ಎದ್ದು, ಅದರ ಲಾಭವೂ ಅವನಿಗೇ.

ಸ್ವಚ್ಛಮಾಡಲು ಬಂದದ್ದೇ ಈ ಗೊದ್ದಗಳು. ಕಾಗದದ ಮೇಲೆ ಅವುಗಳ ಹೆಸರು ‘ಸೀಸವಾಹಕ ಸೂಕ್ಷ್ಮಯಂತ್ರ’. ಆ ಹೆಸರನ್ನು ಉದ್ಘಾಟನೆಯ ದಿನ ಒಬ್ಬ ಅಧಿಕಾರಿ ಬಿಟ್ಟರೆ ಇನ್ನಾರೂ ಹೇಳಿದ್ದಿಲ್ಲ. ಕಪ್ಪು ಇರುವೆಯಂತಿದ್ದುದರಿಂದ ಪಾಳ್ಯದ ಬಾಯಲ್ಲಿ ಅವು ಗೊದ್ದಗಳಾದವು. ಬಿಸಿಲೇ ಅವಕ್ಕೆ ಆಹಾರ. ಮಣ್ಣಿನ ಸಂದಿಗೆ ನುಗ್ಗಿ, ಸೀಸದ ಕಣವನ್ನು ಮಾತ್ರ ಕಚ್ಚಿ ತಂದು, ಜಾಡುಪುಡಿಯಲ್ಲಿ ಎಳೆದ ಗೆರೆ ಹಿಡಿದು ನಡೆದು, ಗೆರೆ ಮುಗಿದಲ್ಲಿ ಹೊರೆ ಇಳಿಸಿ ಹಿಂದಿರುಗುವುದು ಅವುಗಳ ಕೆಲಸ. ಗೆರೆಯ ಕೊನೆಯಲ್ಲಿ ಸಿಮೆಂಟಿನ ಜಮಾಗುಂಡಿಯಿರುತ್ತಿತ್ತು. ಗೆರೆ ಎಳೆಯಲು ಯಂತ್ರಗಳು ಬಂದಿದ್ದವು. ಉದ್ಘಾಟನೆಗೆ ಮೊದಲಿನ ಪರೀಕ್ಷೆಯಲ್ಲೇ ಕಲ್ಲುಮುಳ್ಳಿನ ನೆಲದಲ್ಲಿ ಅವು ಮುಗ್ಗರಿಸಿದಾಗ ಪಾಳ್ಯದ ಹೆಂಗಸರನ್ನು ಕರೆದರು. ಕಾಮಾಕ್ಷಿಗೆ ಹಳೆಯ ಭಟ್ಟಿಯ ಹಿಂಭಾಗದ ನೆಲವನ್ನು ವಹಿಸಿದರು.

ಉದ್ಘಾಟನೆಗೆ ಬಂದ ನಂಜುಂಡಯ್ಯ ಹಾರ ಹಾಕಿಸಿಕೊಂಡು, ಕೆಲಸದ ಹೆಂಗಸರ ಸಾಲಿನ ಮುಂದೆ ಕೈಮುಗಿಯುತ್ತ ಬಂದರು. ತಾಯಿಯ ಪಕ್ಕದಲ್ಲಿದ್ದ ಇಂಚರಳ ಮುಂದೆ ನಿಂತು, “ಏನು ಪುಟ್ಟೀ, ನಿನ್ನ ಹೆಸರೇನು?” ಎಂದರು. ಅವಳು ಹೆಸರು ಹೇಳಲು ಎಂದಿನಂತೆ ತುಸು ಹೊತ್ತು ತೆಗೆದುಕೊಂಡಳು. “ಯಾಕಮ್ಮಾ, ಬಾಯಲ್ಲಿ ಮುತ್ತಿದೆಯಾ? ಮಾತಾಡಿದರೆ ಉದುರಿಹೋಗುತ್ತಾ?” ಎಂದು ನಕ್ಕರು. ಸುತ್ತಲಿನವರೂ ನಕ್ಕರು. ಆಮೇಲೆ ಕಾಮಾಕ್ಷಿಯ ಕಡೆ ತಿರುಗಿ, “ಹಳೇದನ್ನೆಲ್ಲ ಮಣ್ಣು ಮಾಡಿ ಮರೆತುಬಿಡೋಣ ಕಣಮ್ಮ. ಇನ್ನು ಮುಂದೆ ಎಲ್ಲ ಹಸಿರು” ಎಂದರು.

ಬಾಯಲ್ಲಿರುವುದು ಮುತ್ತಲ್ಲ ಸ್ವಾಮಿ, ನಿಮ್ಮ ಸೀಸ, ಎನ್ನಬೇಕೆನ್ನಿಸಿತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಆ ಹಾರ ಹಿಡಿದು ಕೇಳಬೇಕೆನ್ನಿಸಿತು. ಕೇಳದೆ ಕೈಮುಗಿದಳು. ಆ ದಿನ ಅವಳು ಅನ್ನ ಉಣ್ಣಲಿಲ್ಲ.

ಅಂಗಳದಲ್ಲಿ ಗೊದ್ದಗಳು ರಂಗೋಲಿ ಸುತ್ತಿದ ಆ ಬೆಳಿಗ್ಗೆ ಅವಳಿಗೆ ಆ ಹಾರ, ಆ ನಗು ಎಲ್ಲ ನೆನಪಾದವು. ಕೆಲಸದ ಜಾಗಕ್ಕೆ ಹೋದವಳೇ ಗೊದ್ದಗಳ ಉಸ್ತುವಾರಿ ನೋಡುವ ವಿಜ್ಞಾನಿ ಡಾ. ಪ್ರಭಂಜನನ ಹತ್ತಿರ ನಿಂತಳು. ಆತ ಟಿಫಿನ್ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದ.

“ಸಾರ್, ಇವು ಎಷ್ಟು ದೂರ ಹೋಗ್ತವೆ?”

“ಎಳೆ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ.”

“ಎಳೆ ಊರಾಚೆ ಹೋದರೆ?”

“ಇವೂ ಊರಾಚೆ ಹೋಗ್ತವೆ. ಇವಕ್ಕೆ ಊರು ಗೊತ್ತಿಲ್ಲ ಕಾಮಾಕ್ಷಮ್ಮ, ಎಳೆ ಗೊತ್ತು ಅಷ್ಟೇ. ಯಾಕೆ, ನೆಂಟರ ಮನೆಗೆ ಕಳಿಸ್ತೀರಾ?”

“ಕಳಿಸಿದರೂ ಕಳಿಸಿದೆನೇ” ಎಂದು ಅವಳೂ ನಕ್ಕಳು. “ಇಳಿಸೋ ಜಾಗ ಸರಿಯೋ ತಪ್ಪೋ ಅಂತ ನೋಡಲ್ವಾ?”

“ಅದನ್ನ ನೋಡೋಕೆ ನಾವು ಮನುಷ್ಯರು ಇದ್ದೀವಲ್ಲ” ಎಂದು ಆತ ಕೈ ತೊಳೆಯಲು ಎದ್ದ.

“ಇನ್ನೊಂದು ಮಾತು ಸಾರ್. ನನ್ನ ಮಗಳು ಆಗ ಈ ಮಣ್ಣನ್ನೇ ಯಾಕೆ ಹುಡುಕಿ ಹುಡುಕಿ ತಿಂತಿದ್ದಳು? ಬಡಿದರೂ ಬಿಡ್ತಿರಲಿಲ್ಲ.”

ಪ್ರಭಂಜನನ ಮುಖದ ನಗು ಇಳಿಯಿತು. “ಬ್ಯಾಟರಿಯಿಂದ ಬರೋ ಸೀಸ ಮಣ್ಣಲ್ಲಿ ಬೆರೆತು ಕೆಲವು ಥರ ಉಪ್ಪು ಆಗುತ್ತೆ. ಅದಕ್ಕೆ ಸಿಹಿ ರುಚಿ ಇರುತ್ತೆ. ಮಗುವಿನದೇನೂ ತಪ್ಪಿಲ್ಲ. ನೀವು ಬಡಿಯಬಾರದಿತ್ತು.”

ಕಾಮಾಕ್ಷಿ ತನ್ನ ಅಂಗೈ ನೋಡಿಕೊಂಡಳು. ಬಡಿದ ಕೈ ತನ್ನದು, ಬಡಿಸಿದವನು ದಿಬ್ಬದ ಮೇಲೆ ಕೂತಿದ್ದಾನೆ.

ಮರುದಿನದಿಂದ ಅವಳು ನಸುಕಿಗೇ ಏಳತೊಡಗಿದಳು. ದಿಬ್ಬದ ಬಂಗಲೆಯ ನೀರು ಕೆರೆಯ ಅಂಚು ಬಳಸಿ ಹರಿದು ಬರುವ ಕಲ್ಲಿನ ಕಾಲುವೆಯೊಂದು ಭಟ್ಟಿಯ ಹಿಂಭಾಗಕ್ಕೇ ಬಂದು ಕೂಡುತ್ತಿತ್ತು. ಆ ಕಾಲುವೆಯ ಗೋಡೆಗುಂಟ ಅವಳು ದಿನಕ್ಕಿಷ್ಟು ದೂರ ಎಳೆ ಎಳೆದಳು. ಮಗಳನ್ನು ಒಬ್ಬಳೇ ಬಿಟ್ಟು ಬರಲಾಗದೆ ಜೊತೆಗೆ ಕರೆತರುತ್ತಿದ್ದಳು. ಇಂಚರ ಡಬ್ಬಿ ಹಿಡಿದು ಹಿಂದೆ ಹಿಂದೆ ಬರುವಳು. ಕಾಮಾಕ್ಷಿಯ ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಸಣ್ಣಗೆ ಜಾರುತ್ತಿತ್ತು. ಹಬ್ಬದ ದಿನ ಕೂಡ ಅವಳು ಅಷ್ಟು ನೇರವಾದ ಎಳೆ ಹಾಕಿದ್ದಿಲ್ಲ.

ಕೊನೆಗೆ ಬಂಗಲೆಯ ಕಾಂಪೌಂಡು ಬಂತು. ಗೋಡೆಯ ಬುಡದಲ್ಲಿ ನೀರು ಹೋಗಲು ಒಂದು ತೂತು. ಕೈ ಒಳಕ್ಕೆ ಹೋಗುವಂತಿರಲಿಲ್ಲ. ಅವಳು ಪಪ್ಪಾಯಿ ಎಲೆಯ ಉದ್ದನೆಯ ದಂಟನ್ನು ತಂದಿದ್ದಳು. ಅದರ ಕೊಳವೆಗೆ ಪುಡಿ ತುಂಬಿ, ತೂತಿನೊಳಗಿಟ್ಟು ಉಫ್ ಎಂದು ಊದಿದಳು. ಇಂಚರಳಿಗೆ ಅದು ಮೋಜೆನಿಸಿ ತಾನೂ ಊದಿದಳು. ಆಮೇಲೆ ಹೊಟ್ಟೆಯ ಮೇಲೆ ಮಲಗಿ ತೂತಿಗೆ ಕಣ್ಣಿಟ್ಟಳು.

“ಏನು ಕಾಣುತ್ತೆ ಕಂದಾ?”

“ದಾಸವಾಳ.”

“ಅಷ್ಟೇನಾ? ಸರಿ, ಏಳು, ಬಟ್ಟೆ ಮಣ್ಣಾಗುತ್ತೆ.”

ಹಿಂದಿರುಗಿದವಳೇ ಜಮಾಗುಂಡಿಗೆ ಹೋಗುವ ಗೆರೆಯನ್ನು ಒರೆಸಿ, ಅದನ್ನು ಕಾಲುವೆಯ ಎಳೆಗೆ ಕೂಡಿಸಿದಳು. ಅಂದು ಬಿಸಿಲೇರಿದ ಮೇಲೆ ಹಿಂಭಾಗದ ನೆಲದ ಗೊದ್ದಗಳು ಜಮಾಗುಂಡಿಯ ಕಡೆ ಹೋಗದೆ ಕಾಲುವೆಗೆ ಇಳಿದವು. ಬೂದು ಸಾಲು ದಿಬ್ಬದತ್ತ ಹತ್ತುವುದನ್ನು ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಹೋಗಿ. ನಿಮ್ಮ ಯಜಮಾನನ ಮನೆಗೆ ಹೋಗಿ. ಅವನ ಗುಲಾಬಿಯ ಬುಡದಲ್ಲಿ ಇಳಿಸಿ, ಅವನ ಬಾವಿಯ ಪಕ್ಕ ಇಳಿಸಿ. ಮಣ್ಣು ಮಾಡೋಣ ಎಂದನಲ್ಲ, ಅವನ ಮಣ್ಣನ್ನೇ ಹೀಗೆ ಮಾಡಿ! ಎಷ್ಟೋ ವರ್ಷಗಳ ಮೇಲೆ ಅವಳು ಅಂದು ಪಾತ್ರೆ ತಿಕ್ಕುವಾಗ ಹಾಡು ಗುನುಗಿದಳು.

ಮಳೆಗಾಲಕ್ಕೆ ಮೊದಲೇ ಭಟ್ಟಿಪಾಳ್ಯದ ಮಣ್ಣು ಶುದ್ಧವಾಯಿತು. ಎಲ್ಲಿ ಅಗೆದು ಪರೀಕ್ಷಿಸಿದರೂ ಸೀಸವಿಲ್ಲ. ಪ್ರಭಂಜನನಿಗೆ ಮಾತ್ರ ಒಂದು ಸಂಗತಿ ಬಗೆಹರಿಯಲಿಲ್ಲ. ಜಮಾಗುಂಡಿಯಲ್ಲಿ ಸಿಗಬೇಕಾದ ಸೀಸದಲ್ಲಿ ಅರ್ಧದಷ್ಟೂ ಇರಲಿಲ್ಲ. “ನಮ್ಮ ಮೊದಲಿನ ಅಂದಾಜೇ ಹೆಚ್ಚಾಗಿತ್ತೇನೋ” ಎಂದು ತಲೆ ಕೆರೆದುಕೊಂಡ. ನಂಜುಂಡಯ್ಯ ಅದನ್ನೇ ಹಿಡಿದುಕೊಂಡರು. ಅನುದಾನದ ಕೊನೆಯ ಕಂತು ಕೊಡುವ ಸಮಾರಂಭದಲ್ಲಿ ಶಾಲು ಹೊದ್ದು ಮೈಕಿನ ಮುಂದೆ ನಿಂತು, “ಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸಿದರು. ಅಷ್ಟೇನೂ ವಿಷ ಇರಲೇ ಇಲ್ಲ ಅಂತ ಇವತ್ತು ಯಂತ್ರಗಳೇ ಸಾಕ್ಷಿ ಹೇಳಿವೆ” ಎಂದರು. ಜನ ಚಪ್ಪಾಳೆ ತಟ್ಟಿದರು.

ಕಾಮಾಕ್ಷಿಯ ಮೈ ಉರಿದುಹೋಯಿತು. ಅವನ ಸುಳ್ಳನ್ನು ತಾನೇ ನಿಜ ಮಾಡಿಕೊಟ್ಟಿದ್ದಳು! ಮರುಕ್ಷಣವೇ ಒಳಗೊಳಗೇ ನಕ್ಕಳು. ಆಡಲಿ, ಉಳಿದರ್ಧ ಎಲ್ಲಿದೆಯೆಂದು ಅವನಿಗೇನು ಗೊತ್ತು?

ಕೆಲಸ ಮಾಡಿದ ಹೆಂಗಸರಿಗೆಲ್ಲ ಮರುದಿನ ಬಂಗಲೆಯಲ್ಲಿ ಅರಿಶಿನ ಕುಂಕುಮ, ಕುಪ್ಪಸದ ಕಣ ಕೊಡುವುದೆಂದು ಹೇಳಿಕಳಿಸಿದ್ದರು. ಕಾಮಾಕ್ಷಿ ಮಗಳಿಗೆ ಒಳ್ಳೆಯ ಲಂಗ ಹಾಕಿ, ಎರಡು ಜಡೆ ಹೆಣೆದು, ಎಲ್ಲರಿಗಿಂತ ಮೊದಲೇ ಹೊರಟಳು. ತನ್ನ ಸೇಡು ಚಿಗುರಿದ್ದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ನೋಡಿದರೆ ಗೇಟಿನಿಂದ ಜಗಲಿಯವರೆಗೆ ಗ್ರಾನೈಟು. ಜಗಲಿಯಿಂದ ಕಾರಿನವರೆಗೂ ಗ್ರಾನೈಟು. ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತಿತ್ತು, ಬಾವಿಗೆ ಹಲಗೆ ಮುಚ್ಚಿತ್ತು. ನಂಜುಂಡಯ್ಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಆ ಮನೆಯವರ ಕಾಲಿಗೆ ಮಣ್ಣು ತಾಗುವ ಸಂದರ್ಭವೇ ಇರಲಿಲ್ಲ.

ಹಾಗಾದರೆ ಆ ಮಣ್ಣನ್ನು ಮುಟ್ಟುವವರು ಯಾರು?

ಕುಪ್ಪಸದ ಕಣ ತೆಗೆದುಕೊಂಡು ಅವಳು ಹಿತ್ತಲ ಕಡೆ ನಡೆದಳು. ಕಾಂಪೌಂಡಿನ ಮೂಲೆಯಲ್ಲಿ, ನೀರಿನ ತೂತಿನ ಪಕ್ಕ, ದಾಸವಾಳದ ಗಿಡ. ಅದರ ಬುಡದ ಮಣ್ಣು ಬೂದಿ ಬಳಿದಂತಿತ್ತು. ಅಲ್ಲೊಂದು ಪುಟ್ಟ ಕೂಸು, ಉಡುದಾರವೊಂದೇ ಉಡುಗೆ, ಕಾಲು ಚಾಚಿ ಕೂತು ಎರಡೂ ಮುಷ್ಟಿಯಲ್ಲಿ ಮಣ್ಣು ಬಾಚಿಕೊಳ್ಳುತ್ತಿತ್ತು. ತುಟಿಯ ಸುತ್ತ ಬೂದು ಬಣ್ಣದ ಜೊಲ್ಲು. ಆಚೆ ತೋಟದ ಕೆಲಸದವನ ಹೆಂಡತಿ ಕಳೆ ಕೀಳುತ್ತಿದ್ದಳು.

“ಬಾ ಅಕ್ಕ” ಎಂದು ಅವಳು ಬೆವರು ಒರೆಸಿಕೊಂಡು ನಕ್ಕಳು. “ನೋಡು ನಮ್ಮ ಪುಂಡನ್ನ. ಬೇರೆಲ್ಲೂ ಕೂರಲ್ಲ, ಈ ಗಿಡದ ಬುಡವೇ ಬೇಕು. ಈ ಮಣ್ಣಿಗೆ ಬೆಲ್ಲ ಸುರಿದಿದ್ದಾರೇನೋ! ಬಡಿದರೂ ಬಿಡಲ್ಲ ನನ್ನ ಸವತಿ ಮಗ.”

ಕಾಮಾಕ್ಷಿ ಕೂಸಿನತ್ತ ಒಂದು ಹೆಜ್ಜೆ ಇಟ್ಟಳು. ಕೂಸನ್ನು ಎತ್ತಿಕೋ ಎನ್ನಬೇಕು. ಬಾಯಿ ತೊಳಿ, ಈಗಲೇ ಆಸ್ಪತ್ರೆಗೆ ಓಡು ಎನ್ನಬೇಕು. ಹಾಗೆಂದರೆ ಮುಂದಿನ ಮಾತು? ನಿನಗೆ ಹೇಗೆ ಗೊತ್ತು ಎಂದಾಳು. ಆಮೇಲೆ ಪೊಲೀಸರು, ಪ್ರಭಂಜನ, ಇಡೀ ಪಾಳ್ಯ. ತಾನು ಜೈಲಿಗೆ ಹೋದರೆ ಇಂಚರಳಿಗೆ ತುತ್ತು ಕಲಸುವವರು ಯಾರು? ನಾಳೆ ಬಂದು ಗುಟ್ಟಾಗಿ ಎಳೆಯನ್ನು ಒರೆಸಿ ಹೋದರಾಯಿತು. ಮಣ್ಣನ್ನು ಹೇಗಾದರೂ ಬದಲಿಸಿದರಾಯಿತು.

“ಮಗು... ಮುದ್ದಾಗಿದೆ” ಎಂದಳು. ಮಗಳ ಕೈ ಹಿಡಿದು ತಿರುಗಿದಳು.

ಇಂಚರ ಕದಲಲಿಲ್ಲ. ಅವಳು ಕೂಸಿನ ಬಾಯನ್ನು ನೋಡಿದಳು, ಗೋಡೆಯ ತೂತನ್ನು ನೋಡಿದಳು. ಅಮ್ಮನ ಬೆರಳ ತುದಿಯನ್ನು ನೋಡಿದಳು. ಹುಬ್ಬು ಗಂಟಿಕ್ಕಿತು, ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಆಮೇಲೆ ತಲೆಯೆತ್ತಿ, ಕಾಮಾಕ್ಷಿಯ ಸೆರಗು ಜಗ್ಗಿ, ತೋಟದವಳಿಗೂ ಜಗಲಿಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಹುಟ್ಟಿದ ಮೇಲೆ ಮೊಟ್ಟಮೊದಲ ಬಾರಿಗೆ, ಕೇಳಿದಳು:

“ಅಮ್ಮಾ, ಗೊತ್ತಿದ್ದೂ ಯಾಕೆ ಹೇಳಲಿಲ್ಲ?”