ಅಜ್ಜಿ ಹೇಳಿದ ಹುಲಿ

ಏಳು ಬೆಟ್ಟ ದಾಟಿದರೆ ಸಿಗುವ ಸೀಮೆಯಲ್ಲಿ, ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರೂ ಹುಟ್ಟುವ ಮೊದಲು, ಮೈಸೀಮೆ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಒಲೆ, ಒಲೆಗೆ ಬೆಲ್ಲವೇ ಸೌದೆ. ಬೆಲ್ಲದ ಅಚ್ಚಿಟ್ಟು ಕಿಟಕಿ ತೆರೆದರೆ ಗಾಳಿ ಬಂದು ಉರಿಸುತ್ತಿತ್ತು. ಒಂದೇ ಅಚ್ಚಿಗೆ ಮನೆಯೆಲ್ಲ ದಿನವಿಡೀ ಬೆಚ್ಚಗಿರುತ್ತಿತ್ತು.

ಆ ರಾಜ್ಯಕ್ಕೆ ಹಬ್ಬುಗಾತಿ ಎಂಬ ಮಾಟಗಾತಿ ಬಂದು ಒಂದು ಕೇರಿ ಹಿಡಿದಳು. ಅವಳವರು ಕಿಟಕಿಗೆ ಗಾಳಿ ಬಂದರೂ ಬೇಡವೆಂದು ಬೆಲ್ಲವನ್ನು ಗಡಿಗೆಯಲ್ಲಿ ಕೊಳೆಸಿಯೇ ಕಾವು ಪಡೆಯುತ್ತಿದ್ದರು. ಒಂದು ಅಚ್ಚು ಸಾಲುವ ಕಡೆ ಅವರಿಗೆ ಒಂದು ಗಾಡಿ ಬೆಲ್ಲ ಬೇಕು. ಉಳಿದ ಘಾಟು ನೀರನ್ನು ಬಾಗಿಲಿಗೊಬ್ಬ ಮಾಯದ ಆಳು ಹೊತ್ತು ಹೊರಗೆ ಚೆಲ್ಲುತ್ತಿದ್ದ. ಆ ನೀರು ಹರಿದಲ್ಲಿ ಗೋಡೆ ಕರಗುತ್ತಿತ್ತು, ಕಾವಲುಗಾರರ ಕೈ ಜೋಲುತ್ತಿತ್ತು. ದಿನ ಬೆಳಗಾದರೆ ಕೇರಿಗೆ ಹೊಸದೊಂದು ಮನೆ.

ಆ ಊರಲ್ಲಿ ಕಾಳವ್ವ ಎಂಬ ಹುಡುಗಿ ಇದ್ದಳು. ಅವಳ ಅಣ್ಣ ಈರಬೊಮ್ಮನೂ ಕಾವಲುಗಾರನೇ. ಕತ್ತಿ ಎತ್ತಲಾರದೆ ತನ್ನ ಚಾವಡಿಯಲ್ಲಿ ಕುಸಿದು ಕೂತಿದ್ದ. ಅಲ್ಲಿಂದ ಎತ್ತಿ ತರೋಣವೆಂದರೆ ಕಾಲು ನೆಲಕ್ಕೆ ಅಂಟಿಬಿಟ್ಟಿತ್ತು. ಅವನಿಗೂ ಕೇರಿಗೂ ನಡುವೆ ನಾಲ್ಕೇ ಮನೆಯ ಜಾಗ. ಅದು ತುಂಬಿದರೆ ಐದನೆಯ ಮನೆಯ ಗೋಡೆಗೆ ಅವನೇ ಕಲ್ಲು. ಕಾಳವ್ವ ತನ್ನ ಮನೆಯ ಅಜ್ಜಿಯ ಬಳಿಗೆ ಓಡಿದಳು.

ಹಬ್ಬುಗಾತಿಯ ಗುಟ್ಟು ಬಲ್ಲವಳು ಗೌರಜ್ಜಿ ಒಬ್ಬಳೇ. ಅಜ್ಜಿಗೆ ತೊಂಬತ್ತು ದಾಟಿತ್ತು, ನಾಲಿಗೆ ಮಡಚುತ್ತಿರಲಿಲ್ಲ, ದಿನಕ್ಕೊಂದು ಮಾತಿಗೇ ಏದುಸಿರು.

"ಹುಲೀನ ಹೊರಗೆ ಬಿಡಬ್ಯಾಡ, ಅವಲೇ ಸಾಯ್ತಾಲೆ" ಎಂದು ಹೇಳಿ ಅಜ್ಜಿ ಮಲಗಿಬಿಟ್ಟಳು.

ಹುಲಿಗೂ ಇದಕ್ಕೂ ಏನು ನಂಟು? ಕಾಳವ್ವನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹಿರಿಯರ ಮಾತು. ಹಗ್ಗ ಹಿಡಿದು ಕಾಡಿಗೆ ಹೋಗಿ ಹುಲಿಯನ್ನು ಕಟ್ಟಿಯೇ ಬಿಟ್ಟಳು.

"ನಾನೇನು ತಪ್ಪು ಮಾಡಿದೆ ತಾಯಿ?" ಎಂದಿತು ಹುಲಿ.

"ನೀನು ಹೊರಗೆ ಹೋಗಬಾರದಂತೆ."

"ನಾನು ಇರೋದೇ ಹೊರಗಲ್ವೇ?"

ಅದೂ ನಿಜವೇ. ಆದರೂ ಕಾಳವ್ವ ಹುಲಿಯನ್ನು ಹಿತ್ತಿಲ ಕೋಣೆಗೆ ಕೂಡಿ ಅಗುಳಿ ಹಾಕಿದಳು. ಬೆಳಗಾದರೆ ಕೇರಿಗೆ ಹೊಸ ಮನೆ ಬಂದೇ ಇತ್ತು. ಉಳಿದದ್ದು ಮೂರು.

ಮತ್ತೆ ಅಜ್ಜಿಯ ಬಳಿಗೆ ಓಡಿದಳು. ಅಜ್ಜಿ ತಲೆ ಚಚ್ಚಿಕೊಂಡು, "ಬಾಗಿಲ ಬೊಂಬೆ ಕೀಲು!" ಎಂದು ಮತ್ತೆ ಮಲಗಿಬಿಟ್ಟಳು.

ಹೌದು, ಕೇರಿಯ ಪ್ರತಿ ಮನೆಯ ಬಾಗಿಲಿಗೂ ಒಂದು ಮರದ ಬೊಂಬೆ ಇತ್ತು. ಅದು ಕೈ ಹಿಡಿದರಷ್ಟೇ ಮಾಯದ ಆಳು ನಿಲ್ಲುತ್ತಿದ್ದ. ಬೊಂಬೆಯ ಕೀಲು ಕಿರುಗುಟ್ಟುತ್ತಿತ್ತು. ಎಣ್ಣೆ ಹಾಕಬೇಕೇನೋ ಅಂದುಕೊಂಡು ಕಾಳವ್ವ ಹರಳೆಣ್ಣೆ ಬಿಟ್ಟುಬಂದಳು. ಕೀಲು ಸಲೀಸಾಯಿತು, ಆಳುಗಳು ಎರಡರಷ್ಟು ನೀರು ಹೊತ್ತರು. ಬೆಳಗಾದರೆ ಒಂದರ ಬದಲು ಎರಡು ಮನೆ!

"ಅಯ್ಯೋ, ನನ್ನ ಕೈಯಾರೆ ಅಣ್ಣನ್ನ ಕೊಂದೆನಲ್ಲಪ್ಪಾ!" ಎಂದು ಗೋಳಾಡಿದಳು.

ಅಳುತ್ತಲೇ ಕೇರಿಯ ಆ ತುದಿಗೆ ನಡೆದರೆ ಅಲ್ಲಿ ಇನ್ನೊಂದು ವಿಚಿತ್ರ. ಮೊದಲ ಮನೆಗಳವರು ಚೆಲ್ಲಿದ ನೀರನ್ನೇ ಕೊನೆಯ ಮನೆಗಳ ಆಳುಗಳು ಒಳಗೆ ಹೊತ್ತೊಯ್ದು ಒಲೆ ಉರಿಸುತ್ತಿದ್ದರು. ಬೇಡವೆಂದು ಚೆಲ್ಲುವುದೇಕೆ, ಬೇಕೆಂದು ತುಂಬುವುದೇಕೆ? ತಲೆ ಗಿರ್ರೆಂದು ಕಾಳವ್ವ ಜಾರಿಬಿದ್ದಳು. ಬಾಯಿಗೆ ನೀರು ಹೋಯಿತು. ಹಲ್ಲು ಜುಮ್ಮೆಂದಿತು.

ಮನೆಗೆ ಬಂದರೆ ಅಜ್ಜಿ, "ಬಾ ಕಾಲವ್ವಾ" ಎಂದಳು. ಅವತ್ತಿನ ಮಾತು ಅಷ್ಟೇ.

ಕಾಳವ್ವ ಹೊಸ್ತಿಲಲ್ಲೇ ನಿಂತಳು. ಕಾಲವ್ವ! ಕಾಳವ್ವ ಕಾಲವ್ವ ಆದರೆ, ಹುಲಿ? ಅದು ಹುಳಿ! ಬಾಯಲ್ಲಿ ಇನ್ನೂ ಆ ಹುಳಿ ಇತ್ತು. ಕೀಲು ಅಲ್ಲ, ಕೀಳು! ಎಣ್ಣೆ ಹಾಕುವುದಲ್ಲ, ಕಿತ್ತು ಬಿಸಾಡುವುದು!

ಹಿತ್ತಿಲ ಅಗುಳಿ ತೆಗೆದು, "ಬಾರಪ್ಪಾ, ತಪ್ಪಾಯ್ತು, ಸ್ವಲ್ಪ ಕೆಲಸ ಇದೆ" ಎಂದಳು. ಹುಲಿ ಗೊಣಗುತ್ತಲೇ ಬಂತು. ಅವಳು ಒಂದು ಕಡೆಯಿಂದ, ಹುಲಿ ಇನ್ನೊಂದು ಕಡೆಯಿಂದ, ಕೇರಿಯ ಬೊಂಬೆಗಳನ್ನೆಲ್ಲ ಕಿತ್ತರು. ಕೈ ಹಿಡಿಯುವವರಿಲ್ಲದೆ ಆಳುಗಳು ದೊಪ್ಪನೆ ಬಿದ್ದು ಮಾಯವಾದರು. ಹುಳಿ ಒಳಗೇ ನಿಂತಿತು. ಮೊಣಕಾಲಿಗೆ ಬಂತು, ಗಡಿಗೆಗೆ ಬಂತು, ಅಟ್ಟಕ್ಕೆ ಬಂತು. ಆ ತುದಿಯಲ್ಲಿ ಹುಳಿ ಸಿಗದೆ ಒಲೆಗಳು ಆರಿದವು.

"ಹೊರಗೆ ಚೆಲ್ರೋ, ಯಾರಾದ್ರೂ ಚೆಲ್ರೋ!" ಎಂದು ಹಬ್ಬುಗಾತಿ ಚೀರಿದಳು. ಹೊರುವವರು ಯಾರೂ ಇರಲಿಲ್ಲ. ತಾನು ಮಾಡಿದ ಹುಳಿಯಲ್ಲಿ ತಾನೇ ಉಪ್ಪಿನಕಾಯಿಯಾಗಿ ಕರಗಿಹೋದಳು, ಕೇರಿಯೂ ಕರಗಿತು.

ಈರಬೊಮ್ಮನ ಕಾಲು ಬಿಟ್ಟಿತು. ತಂಗಿಯನ್ನು ತಬ್ಬಿಕೊಂಡು ಅತ್ತ. ಕಾಳವ್ವ ಅವನನ್ನೂ ಹುಲಿಯನ್ನೂ ಊಟಕ್ಕೆ ಕರೆದುಕೊಂಡು ಬಂದಳು. ಮೂವರೂ ಎಲೆಯ ಮುಂದೆ ಕೂತರು. ಅಜ್ಜಿ ಸೌಟು ಹಿಡಿದು ಬಂದು ಬಾಯ್ತುಂಬ ನಕ್ಕಳು.

"ಹೊಟ್ಟೆ ತುಂಬ ತಿನ್ನಿ ಮಕ್ಕಲಾ. ಇವತ್ತು ಹುಲಿ ಮಾಡಿದೀನಿ."

ಹುಲಿ ಎಲೆ ಬಿಟ್ಟು ಎದ್ದು, ಒಂದೇ ನೆಗೆತಕ್ಕೆ ಕಿಟಕಿ ದಾಟಿ ಕಾಡು ಸೇರಿತು. ಈರಬೊಮ್ಮ ಬಿದ್ದು ಬಿದ್ದು ನಕ್ಕ. ಅವನ ನಗು ಕೇಳಿ ಎಷ್ಟು ದಿನವಾಗಿತ್ತೋ ಎಂದು ಕಾಳವ್ವ ಕಣ್ಣೊರೆಸಿಕೊಂಡಳು. ಆಮೇಲೆ ಮೈಸೀಮೆಯ ಒಲೆಗಳೆಲ್ಲ ಸುಖವಾಗಿ ಉರಿದವು. ಅಜ್ಜಿಗೆ ಮಾತ್ರ ಹುಲಿ ಓಡಿದ್ದೇಕೆಂದು ಕೊನೆಯವರೆಗೂ ತಿಳಿಯಲಿಲ್ಲ.